ಅಮಾವಾಸ್ಯೆಯ ದಿನ ಹಾಕಿದ ಅಪ್‌ಡೇಟ್

ಗೋಡೆಯ ಸ್ವಿಚ್ಚು ಆರಿಸದೆ ಮಲಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಟೀವಿಯನ್ನು ರಿಮೋಟಿನಲ್ಲಿ ಆರಿಸಿ, ಮೂಲೆಯಲ್ಲಿ ಕೆಂಪು ದೀಪ ಮಿಣಮಿಣ ಅನ್ನುತ್ತಿದ್ದರೂ 'ಆಫ್ ಆಗಿದೆಯಲ್ಲಾ' ಅನ್ನುವ ಜನರ ಜೊತೆ ಗುಂಡ್ಲುಪೇಟೆಯಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪಾಠ ಮಾಡುವ ಚಟವನ್ನು ಶಾಲೆಯ ಬಾಗಿಲಲ್ಲಿ ಕಳಚಿಟ್ಟು ಬರುವುದಕ್ಕೆ ಅದೇನು ಚಪ್ಪಲಿಯೇ? ಮನೆಯಲ್ಲೂ ಮುಂದುವರಿಯುತ್ತದೆ. ಗಂಡ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ನನ್ನ ಪಾಠ ಕಲಿತವರು ಅತ್ತೆ ಒಬ್ಬರೇ.

"ಪರದೆ ಕಪ್ಪಗಿದ್ದರೆ ಮೆಷಿನ್ನು ಆರಿದೆ ಅಂತಲ್ಲ ಅತ್ತೆ. ಒಳಗೆ ಕರೆಂಟು ಓಡ್ತಾನೇ ಇರುತ್ತೆ. ಗೋಡೇದು ಆರಿಸಬೇಕು" ಎಂದು ಒಂದೇ ಒಂದು ಸಲ ಹೇಳಿದ್ದೆ. ಅಕ್ಷರ ಬಾರದ ಆ ಹೆಂಗಸು ನನ್ನ ಅಷ್ಟೂ ವರ್ಷದ ಶಿಷ್ಯರನ್ನು ಮೀರಿಸಿದರು. ಮಿಕ್ಸಿಯಾಗಲಿ, ಫ್ಯಾನಾಗಲಿ, ಚಾರ್ಜರಾಗಲಿ, ಬಳಸುತ್ತಿದ್ದವರು ಎದ್ದು ಅತ್ತ ಹೋದರೆ ಸಾಕು, ಟಪ್ ಎಂದು ಆರಿಸಿ "ಸುಮ್ಕೆ ಯಾಕ್ ಉರೀಬೇಕು" ಅನ್ನುತ್ತಿದ್ದರು. ಬೆಳಿಗ್ಗೆ ಎದ್ದವರು ಒಂದೊಂದೇ ಸ್ವಿಚ್ಚು ಹಾಕಿಕೊಂಡು ಬರುವುದು ನಮ್ಮ ಮನೆಯಲ್ಲಿ ಮುಖ ತೊಳೆದಷ್ಟೇ ಅಭ್ಯಾಸವಾಗಿಹೋಯಿತು. ನನಗೋ ಹೆಮ್ಮೆ.

ನನ್ನ ಇನ್ನೊಂದು ಹೆಮ್ಮೆ ನಡುಮನೆಯ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪು. ಊರೆಲ್ಲ ಬಳಸುವುದನ್ನು ಬಿಟ್ಟು ಅದಕ್ಕೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ. ಯಾರ ಹಂಗೂ ಇಲ್ಲ, ವೈರಸ್ ಕಾಟ ಇಲ್ಲ, ದುಡ್ಡು ಕೊಡಬೇಕಾಗಿಲ್ಲ ಎಂದು ಬಂದವರಿಗೆಲ್ಲ ಕಾಫಿ ಕೊಡುವ ಮೊದಲೇ ಹೇಳುತ್ತಿದ್ದೆ. ನನ್ನವರು ಚಾಮರಾಜನಗರದ ಒಂದು ಕಚೇರಿಯಲ್ಲಿ ಕೆಲಸ ಮಾಡುವವರು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಾರೆ. ನನ್ನ ಭಾಷಣ ಮುಗಿಯುವುದನ್ನೇ ಕಾದು "ಬಿಟ್ಟಿ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಎಂದು ಗಾದೆ ಒಗೆದು ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು.

ಆ ವರ್ಷ ಡೆಸ್ಕ್‌ಟಾಪಿನ ಒಳಗೆ ಇದ್ದದ್ದು ಮಾತ್ರ ಬಿಟ್ಟಿ ಸಿಗುವಂಥದ್ದಲ್ಲ. ನಮ್ಮತ್ತೆ ಸೋಬಾನೆ ಪದಗಳ ಕಣಜ. ಸುತ್ತಲ ಊರುಗಳಲ್ಲಿ ಮದುವೆಯ ಅರಿಸಿನ ಶಾಸ್ತ್ರಕ್ಕೆ ಅವರಿಲ್ಲದೆ ಯಾರೂ ಒನಕೆ ಮುಟ್ಟುತ್ತಿರಲಿಲ್ಲ. ಗಂಟಲಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ ಆದರೆ ದನಿ ಉಳಿಯುವುದೋ ಇಲ್ಲವೋ ಎಂದು ಡಾಕ್ಟರು ಅನುಮಾನ ಹೇಳಿದ ಮೇಲೆ, ಅವರನ್ನು ದಿನಾ ಸಂಜೆ ಕೂರಿಸಿಕೊಂಡು ಹಾಡಿಸಿದೆ. ಫೋನಿನಲ್ಲಿ ಹಿಡಿದುಕೊಳ್ಳುವುದು, ಆಮೇಲೆ ಕೇಳಿ ಕೇಳಿ ಟೈಪ್ ಮಾಡುವುದು. ಫೋನಿನಲ್ಲಿ ಜಾಗ ಸಾಲದೆ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸಿದೆ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಬರೀ ಉಸಿರಿನಲ್ಲಿ ಆಡುವ ಪಿಸುಮಾತು ಉಳಿಯಿತು. ಬಿಟ್ಟುಹೋದ ಒಂದು ಸಾಲು ಕೇಳಿದರೆ "ಅರಿಸಿನದ ಕೈಯೋಳೆ, ಅಂಗಳಕ್ಕೆ ಬಾ ಮಗಳೆ" ಎನ್ನುವವರೆಗೆ ಬಂದು ನಿಂತುಬಿಡುತ್ತಿದ್ದರು. "ರಾಗ ಬಂದ್ರೆ ಪದ ಬತ್ತದೆ ಕಣವ್ವ. ಬಾಯ್ಮಾತ್ಗೆ ಏಳು ಅಂದ್ರೆ ಎಲ್ಲಿಂದ ತರ್ಲಿ?" ಎನ್ನುತ್ತಿದ್ದರು. ಅವರ ಹಾಡು ಈಗ ಅವರಲ್ಲೂ ಇಲ್ಲ, ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ನಾದಿನಿಯ ಮಗಳ ಮದುವೆ ಹತ್ತಿರ ಬಂದಿತ್ತು. ತಾನು ಹಾಡಲಾರದ ಆ ಮದುವೆಯಲ್ಲಿ ತನ್ನ ಪದಗಳ ಪುಸ್ತಕವನ್ನು ತಾಂಬೂಲದ ಜೊತೆ ಹೆಂಗಸರ ಕೈಗಿಡಬೇಕು ಎನ್ನುವುದು ಅತ್ತೆಯ ಒಂದೇ ಆಸೆ. ಸೋಮವಾರ ಪ್ರೆಸ್ಸಿಗೆ ಕೊಡಬೇಕಿತ್ತು. ಇನ್ನೊಂದು ಪ್ರತಿ ಮಾಡಿದ್ದೆಯಾ ಅಂತ ಕೇಳಬೇಡಿ. ಅದಕ್ಕೆಂದೇ ತಂದ ಪೆನ್‌ಡ್ರೈವು ಪ್ಲಾಸ್ಟಿಕ್ ಹೊದಿಕೆಯಲ್ಲೇ ಡ್ರಾಯರಿನಲ್ಲಿತ್ತು. ನೋಟ್ಸನ್ನು ಎರಡು ಕಡೆ ಬರೆದಿಟ್ಟುಕೊಳ್ಳಿ ಎಂದು ಮಕ್ಕಳ ಕಿವಿ ಹಿಂಡುವವಳು ನಾನೇ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಆ ಬುಧವಾರ ಕಂಪ್ಯೂಟರು, ಹೊಸ ಅಪ್‌ಡೇಟ್ ಬಂದಿದೆ, ಹಾಕಲೇ ಎಂದು ಕೇಳಿತು. ಪ್ರೆಸ್ಸಿಗೆ ಕೊಡುವ ಮೊದಲು ಎಲ್ಲ ಹೊಸದಾಗಿರಲಿ ಎನ್ನುವ ದುರ್ಬುದ್ಧಿ ನನಗೆ. ಜೋರಾಗಿ ಹೇಳಿಕೊಂಡೇ ಶುರು ಮಾಡಲು ಹೊರಟೆ. ಅತ್ತೆ ಬಂದು ಪಕ್ಕ ನಿಂತರು.

"ಇವತ್ತು ಅಮಾಸೆ ಕಣವ್ವ. ಅಮಾಸೇಲಿ ನಮ್ಮೋರು ನೇಗ್ಲೇ ಕಟ್ಟಕಿಲ್ಲ. ನಾಳೀಕೆ ಆಕ್ಕೊ ಬುಡು."

"ಕಂಪ್ಯೂಟರಿಗೆ ಅಮಾವಾಸ್ಯೆ ಹುಣ್ಣಿಮೆ ಎಲ್ಲಾ ಗೊತ್ತಾಗಲ್ಲ ಅತ್ತೆ."

ನಿಜ ಹೇಳುತ್ತೇನೆ, ಅಪ್‌ಡೇಟನ್ನು ಗುರುವಾರ ಹಾಕಿದ್ದರೂ ನಡೆಯುತ್ತಿತ್ತು. ಅವರು ಬೇಡ ಅಂದರಲ್ಲ, ಅದಕ್ಕೇ ಅವತ್ತೇ ಹಾಕಿದೆ. ಗುಂಡಿ ಒತ್ತಿ, ಅದು ತನ್ನ ಪಾಡಿಗೆ ಗುಯ್‌ಗುಡುತ್ತಿರಲಿ ಎಂದು ಬಿಟ್ಟು, ಆರು ಗಂಟೆಗೆ ತರಕಾರಿಗೆ ಹೋದೆ. ಏಳೂಕಾಲಿಗೆ ಬಂದಾಗ ಮೆಷಿನ್ನು ಸದ್ದಿಲ್ಲದೆ ಆರಿತ್ತು. ಕೆಲಸ ಮುಗಿಸಿ ತಾನೇ ಮಲಗಿದೆ, ಜಾಣ ಎಂದುಕೊಂಡು ಸೊಪ್ಪು ಬಿಡಿಸಲು ಕೂತೆ.

ಗುರುವಾರ ಬೆಳಿಗ್ಗೆ ಎಂದಿನಂತೆ ಮನೆಯ ಸ್ವಿಚ್ಚುಗಳನ್ನೆಲ್ಲ ಹಾಕಿಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿದು ಬಂದು ಒಂದು ಕಡೆ ನಿಂತವು. ಕೊನೆಯ ಸಾಲು 'ಕರ್ನಲ್ ಪ್ಯಾನಿಕ್'. ಕರ್ನಲ್ ಎಂದರೆ ಇಡೀ ವ್ಯವಸ್ಥೆಯ ತಿರುಳು. ಆ ತಿರುಳೇ ಗಾಬರಿ ಬಿದ್ದಿದೆಯಂತೆ. ಅದರ ಗಾಬರಿ ಹಾಗಿರಲಿ, ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆರಿಸಿ ಹಾಕಿದೆ, ಕೇಬಲ್ ಕಿತ್ತು ಚುಚ್ಚಿದೆ, ಕೊನೆಗೆ ಪೆಟ್ಟಿಗೆಯ ತಲೆಗೆ ಎರಡೇಟು ಬಿಟ್ಟೆ. ವಿಜ್ಞಾನದ ಟೀಚರು!

ಹಾಡು ಹೋಯಿತೆನ್ನುವ ಭಯ ಒಂದು ಕಡೆ. ಇದನ್ನೂ ಹೇಳಿಬಿಡುತ್ತೇನೆ, ಅಮಾವಾಸ್ಯೆ ಗೆದ್ದಿತಲ್ಲ ಎನ್ನುವ ಉರಿ ಇನ್ನೊಂದು ಕಡೆ. ಹಾಗಾಗಿ ಮನೆಯಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಪರದೆಯ ಮೇಲೆ ಟವೆಲ್ ಹೊದಿಸಿದೆ.

ಅತ್ತೆಯೂ ವಿಚಿತ್ರವಾಗಿ ಆಡತೊಡಗಿದರು. ದಿನಕ್ಕೆ ಹತ್ತು ಸಲ 'ಪುಸ್ಕ ಯಾವಾಗವ್ವ' ಅನ್ನುತ್ತಿದ್ದವರು ಒಂದೇ ಒಂದು ಸಲ "ಎಲ್ಲಾ ಸರ್ಯಾಗದಾ?" ಎಂದು ಕೇಳಿದರು. "ಆಯ್ತಾ ಬಂತು ಅತ್ತೆ" ಎಂದೆ. ಮತ್ತೆ ಕೇಳಲಿಲ್ಲ. ಮುದ್ದೆಯನ್ನು ತಟ್ಟೆಯಲ್ಲೇ ಮುರಿದು ಮುರಿದು ಇಟ್ಟು ಏಳುತ್ತಿದ್ದರು. ಗಂಟಲು ನೋವಿರಬೇಕು ಎಂದುಕೊಂಡೆ. ಶುಕ್ರವಾರ ಸ್ನಾನ ಮಾಡಿ ಬಂದು ನೋಡುತ್ತೇನೆ, ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ! ನನಗೆ ಪಿತ್ತ ನೆತ್ತಿಗೇರಿತು. ಕೆಟ್ಟಿದ್ದು ಹೇಗೋ ಗೊತ್ತಾಗಿದೆ. ಗೆದ್ದಿದ್ದು ಸಾಲದು, ಹಂಗಿಸುವುದು ಬೇರೆ.

"ಅತ್ತೆ, ಅದಕ್ಕೆ ವಿಭೂತಿ ಗಿಭೂತಿ ಬಳಿಯಬೇಡಿ. ಒಳಗೆ ಹೋದರೆ ಇರೋದೂ ಕೆಡುತ್ತೆ" ಎಂದು ರೇಗಿದೆ. ಅವರು ಸೆರಗಿನ ತುದಿಯಿಂದ ಒರೆಸಿ, ತಲೆ ತಗ್ಗಿಸಿ ಒಳಗೆ ಹೋದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಪೆಟ್ಟಿಗೆಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ಕಂಡಕ್ಟರ್ ಬಂದು "ಇದ್ಯಾನಕ್ಕ?" ಅಂದರು.

"ಕಂಪ್ಯೂಟರು."

"ಕೆಟ್ಟೋಗದಾ?"

ಮುಂದಿನ ಸೀಟಿನ ಅಜ್ಜಿ ಹಿಂದೆ ತಿರುಗಿ, ಆಸ್ಪತ್ರೆಗೆ ಹೊರಟ ಕೂಸನ್ನು ನೋಡುವಂತೆ ದುಪ್ಪಟಿಯನ್ನು ನೋಡಿ "ಅಯ್ಯೋ ಪಾಪ, ಎಷ್ಟ್ ದಿನಾಯ್ತು?" ಎಂದು ಕೇಳಿತು. ತೆರಕಣಾಂಬಿ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ನನ್ನ ಕಷ್ಟ ಗೊತ್ತಾಗಿತ್ತು. ಗೊತ್ತಿಲ್ಲದಿದ್ದದ್ದು ನಮ್ಮ ಮನೆಯವರಿಗೆ ಮಾತ್ರ.

ರಿಪೇರಿ ಅಂಗಡಿಯವನು ಪೆಟ್ಟಿಗೆಗೆ ತನ್ನ ಪರದೆ ಜೋಡಿಸಿ, ಬಿಳಿ ಅಕ್ಷರಗಳು ಹರಿಯುವುದನ್ನು ಕೈಕಟ್ಟಿ ನೋಡಿದ.

"ಲಿನಕ್ಸಾ? ಇದ್ನ ಯಾರು ಮೇಡಂ ಆಕ್ದೋರು?"

"ಯಾರೋ ಹಾಕಿಕೊಟ್ಟಿದ್ದರು" ಎಂದೆ. ನನ್ನ ಜೀವನದಲ್ಲಿ ಲಿನಕ್ಸನ್ನು ಬಿಟ್ಟುಕೊಟ್ಟದ್ದು ಅದೊಂದೇ ಸಲ.

"ಫಾರ್ಮ್ಯಾಟ್ ಒಡ್ದುಬುಡನ. ಅರ್ಧ ಗಂಟೆ, ಒಸಾ ಕಂಪ್ಯೂಟ್ರಂಗೆ ಆಯ್ತದೆ."

"ಒಳಗಿರೋದು?"

"ಎಲ್ಲಾ ಓಯ್ತದೆ. ಅಂತಾದ್ದೇನದೆ ಮೇಡಂ, ಫೋಟೋನಾ?"

ಅವನು ಡ್ರಾಯರಿನಿಂದ ಸಿಡಿ ತೆಗೆದ. ಕರೆಂಟಿನ ವೈರನ್ನು ನಾನೇ ಕಿತ್ತು, ಪೆಟ್ಟಿಗೆ ತಬ್ಬಿಕೊಂಡು ಹೊರಗೆ ಬಂದೆ. ಅವನು "ಮೇಡಂ, ದುಪ್ಪಟಿ" ಎಂದು ಕೂಗುತ್ತಲೇ ಇದ್ದ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ. ಇನ್ನೆರಡು ದಿನದಲ್ಲಿ ಆ ಮುದುಕಿಯ ಮುಂದೆ ನಿಂತು, ನಿಮ್ಮ ದನಿಯನ್ನು ನನ್ನ ಜಂಭಕ್ಕೆ ಕಳೆದೆ ಎಂದು ಹೇಗೆ ಹೇಳುವುದು?

ವಾಪಸು ಬರುವಾಗ ಫೋನಿನಲ್ಲಿ, ಮೂರು ದಿನದಿಂದ ಓದುತ್ತಿದ್ದ ಇಂಟರ್ನೆಟ್ಟಿನ ಸಲಹೆಗಳನ್ನೇ ಮತ್ತೊಮ್ಮೆ ಮೊದಲಿನಿಂದ ಓದಿದೆ. ಎಲ್ಲಕ್ಕಿಂತ ಮೇಲೇ ಇತ್ತು, ನಾನು ದಾಟಿಕೊಂಡು ಹೋಗಿದ್ದ ಸಾಲು. ಹೊಸ ಕರ್ನಲ್ ಕೆಟ್ಟರೆ ಹಳೆಯದು ಇನ್ನೂ ಒಳಗೇ ಇರುತ್ತದೆ, ಶುರುವಾಗುವಾಗ ಶಿಫ್ಟ್ ಗುಂಡಿ ಒತ್ತಿ ಹಿಡಿದರೆ ಪಟ್ಟಿ ಬರುತ್ತದೆ, ಅದರಲ್ಲಿ ಹಳೆಯದನ್ನು ಆರಿಸಿಕೊಳ್ಳಿ ಎಂದು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಪ್ರತಿ ಪರೀಕ್ಷೆಗೂ ಹೇಳುವವಳು ಯಾರು? ಹೂಂ, ನಾನೇ.

ಭಾನುವಾರ ಬೆಳಿಗ್ಗೆ ಶಿಫ್ಟ್ ಒತ್ತಿ ಹಿಡಿದೆ. ಪಟ್ಟಿ ಬಂತು. ಹಳೆಯದನ್ನು ಆರಿಸಿದೆ. ಒಂದು ನಿಮಿಷ, ಅಷ್ಟೇ. ನಾನು ಗೋಪಾಲಸ್ವಾಮಿ ಬೆಟ್ಟದಲ್ಲಿ ತೆಗೆದಿದ್ದ ಮಂಜಿನ ಫೋಟೋ ಪರದೆಯ ತುಂಬ ಬಂದು ನಿಂತಿತು. ಹಾಡುಗಳಿದ್ದ ಫೋಲ್ಡರ್ ತೆರೆದೆ. ಎಲ್ಲ ಇದ್ದವು, ಒಂದೂ ಅಲುಗಿರಲಿಲ್ಲ. ಮೊದಲು ಪೆನ್‌ಡ್ರೈವಿನ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಹರಿದು ಅಷ್ಟನ್ನೂ ತುಂಬಿಕೊಂಡೆ. ಆಮೇಲೆ, ಅರ್ಧಕ್ಕೆ ನಿಂತ ಅಪ್‌ಡೇಟನ್ನು ಪೂರ್ತಿ ಮಾಡು ಎನ್ನುವ ಒಂದು ಸಾಲಿನ ಆಜ್ಞೆ ಕೊಟ್ಟೆ. ಮಾಡಿತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಆದರೂ ಆ ಇಲಿಯನ್ನು ಎತ್ತಿ ಮುದ್ದಾಡುವಷ್ಟು ಸಂತೋಷವಾಯಿತು.

ಅಲ್ಲಿಗೇ ಬಿಡಬಾರದೇ? ಯಾಕೆ ಅರ್ಧಕ್ಕೆ ನಿಂತಿತು ಎನ್ನುವ ತನಿಖೆ ನನಗೆ ಬೇಕಿತ್ತು. ಲಿನಕ್ಸ್ ತಾನು ಮಾಡಿದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಬರೆದಿಡುತ್ತದೆ. ಬುಧವಾರದ ಕೊನೆಯ ಸಾಲು ಸಂಜೆ ಆರು ಇಪ್ಪತ್ತಕ್ಕೆ. ಆಮೇಲೆ ಖಾಲಿ. ಆರು ಇಪ್ಪತ್ತು ಎಂದರೆ ನಮ್ಮ ಮನೆಯಲ್ಲಿ ದೇವರ ದೀಪ ಹಚ್ಚುವ ಹೊತ್ತು. ಆಗ ಮನೆಯಲ್ಲಿ ಇದ್ದವರು ಒಬ್ಬರೇ.

ಸಿಟ್ಟು ನೆತ್ತಿಗೆ ಬಂತು. ಅಮಾವಾಸ್ಯೆಯಂತೆ! ಸ್ವಿಚ್ಚು ಆರಿಸಿದ್ದು ಇವರು, ಹೆಸರು ಅಮಾವಾಸ್ಯೆಗೆ. ಹಿತ್ತಿಲಿನಲ್ಲಿ ಅತ್ತೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಎದುರು ಹೋಗಿ ನಿಂತು "ಅತ್ತೆ, ಅವತ್ತು ಅಮಾವಾಸ್ಯೆ ಸಂಜೆ..." ಅಂದೆ ಅಷ್ಟೆ. ಮೊರದ ಮೇಲಿನ ಕೈ ನಿಂತಿತು.

"ನಾನೇ ಆರ್ಸಿದ್ದು ಕಣವ್ವ" ಎಂದರು. ಉಸಿರೇ ಮಾತು, ಬಗ್ಗಿ ಕೇಳಬೇಕಾಯಿತು. "ಪರದೆ ಕಪ್ಪಗಿತ್ತು, ಒಳ್ಗೆ ಗುಯ್ ಅಂತಿತ್ತು. ನೀನೇ ಏಳ್ಕೊಟ್ಟಿದ್ದಲ್ವಾ, ಕಪ್ಪಗಿದ್ರೂ ಒಳ್ಗೆ ಉರೀತಿರ್ತದೆ ಅಂತ. ಕೆಲ್ಸ ಮುಗ್ಸಿ ಆರ್ಸೋದ ಮರ್ತೋಗಿದ್ದೀಯ ಅನ್ಕಂಡು ಆರ್ಸ್ಬುಟ್ಟೆ. ಬೆಳಿಗ್ಗೆ ನೀನು ತಲೆ ಮ್ಯಾಲೆ ಕೈ ಒತ್ಕಂಡು ಕುಂತಿದ್ದ ನೋಡ್ದಾಗ್ಲೇ ನನ್ನೆದೆ ಒಡೆದೋಯ್ತು. ನಾಕ್ ದಿನ್ದಿಂದ ಏಳಾಕೆ ಬಾಯೇ ಬರ್ನಿಲ್ಲ. ನನ್ ಪದವ ನಾನೇ ಕೊಂದಾಕ್ಬುಟ್ಟೆ."

ಮುದ್ದೆ ಯಾಕೆ ಇಳಿಯಲಿಲ್ಲ, ವಿಭೂತಿ ಯಾಕೆ ಇಟ್ಟರು, ತಲೆ ಯಾಕೆ ತಗ್ಗಿಸಿದರು ಎಲ್ಲ ಒಟ್ಟಿಗೇ ತಿಳಿಯಿತು. ನಾನು ಹೇಳಿಕೊಟ್ಟ ಪಾಠವನ್ನು ಅಕ್ಷರ ತಪ್ಪದೆ ಮಾಡಿದ ತಪ್ಪಿಗೆ ಆ ಜೀವ ನಾಲ್ಕು ದಿನ ಒಳಗೊಳಗೇ ಬೆಂದಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಎಲ್ಲಾ ಸಿಕ್ತು ಅತ್ತೆ. ಒಂದು ಪದವೂ ಹೋಗಿಲ್ಲ" ಎಂದೆ. ಕಣ್ಣು ಒರೆಸಿಕೊಂಡರು, ಆದರೆ ಮುಖ ತಿಳಿಯಾಗಲಿಲ್ಲ. "ಆದ್ರೂ ಕೆಟ್ಟಿದ್ದು ನಾನು ಆರ್ಸಿದ್ಕೇ ಅಲ್ವಾ?"

ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಎಂಟನೇ ಕ್ಲಾಸಿಗೆ ಪಾಠ ಮಾಡುವವಳು ನಾನು. ಏನಾದರೂ ಒಂದು ಕಾರಣ ಕೊಡಲೇಬೇಕಿತ್ತು. ಅವರು ನಂಬುವ ಕಾರಣ ಒಂದೇ ಇತ್ತು.

"ಸ್ವಿಚ್ಚಿಂದ ಅಲ್ಲ ಅತ್ತೆ. ಅಮಾವಾಸ್ಯೆ ದಿನ ಹಾಕಬಾರದಿತ್ತು. ನೀವು ಹೇಳಿದ ಮಾತು ಕೇಳಬೇಕಿತ್ತು ನಾನು."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೊರ ಬದಿಗಿಟ್ಟು "ನಾನ್ ಬಡ್ಕಂಡೆ! ನೀನ್ ಕೇಳ್ದಾ? ಅಮಾಸೇಲಿ ನೇಗ್ಲೇ ಕಟ್ಟಕಿಲ್ಲ ಕಣವ್ವ ಅಂತ ಬಡ್ಕಂಡೆ!" ಎಂದು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ನನ್ನನ್ನು ಬೈದರು. ಒಳಗೆ ಕರೆದುಕೊಂಡು ಬಂದು ಅವರ ಹಾಡು ಹಾಕಿದೆ. ತಮ್ಮ ದನಿ ಬಂದಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತರು. ಅಂಗಳಕ್ಕೆ ಬಾ ಮಗಳೆ ಎನ್ನುವಲ್ಲಿಂದ ಮುಂದಿನ ಸಾಲಿಗೆ ತುಟಿ ತಾನಾಗಿಯೇ ಅಲುಗಿತು. ಮಧ್ಯಾಹ್ನ ಹುರುಳಿ ಬೇಯಿಸಿದ ಉಪ್ಪೆಸರಿಗೆ ಎರಡು ಮುದ್ದೆ ಉಂಡರು.

ಪುಸ್ತಕ ಆಯಿತು. ಮದುವೆಯಲ್ಲಿ ಅದನ್ನು ಹಂಚುತ್ತಾ ಅತ್ತೆ ಒಬ್ಬೊಬ್ಬರನ್ನೂ ಹತ್ತಿರ ಎಳೆದುಕೊಂಡು, ಅಮಾಸೆ ಕಂಪ್ಯೂಟ್ರನ್ನೂ ಬುಡಲಿಲ್ಲ, ಬೇಕಾದ್ರೆ ನಮ್ ಸೊಸೇನೇ ಕೇಳಿ ಎಂದು ಪಿಸುಗುಟ್ಟಿದರು. ಬಂದು ಕೇಳಿದವರಿಗೆಲ್ಲ ಹೌದು ಎಂದೆ. ಮಾತು ನನ್ನ ಶಾಲೆಯವರೆಗೂ ಹೋಗಿದೆ. ಗ್ರಹಣದ ಪಾಠ ಮಾಡುವಾಗ ಹಿಂದಿನ ಬೆಂಚು ಮುಸಿಮುಸಿ ನಗುತ್ತದೆ. ನನ್ನವರೊಬ್ಬರಿಗೆ ನಿಜ ಹೇಳಿದ್ದೇನೆ. ಅವರು ಮೊದಲ ಸಲ ಗಾದೆ ಒಗೆಯದೆ ಪೇಪರನ್ನು ಮಡಿಸಿಟ್ಟರು.

ಅಮಾವಾಸ್ಯೆಯ ದಿನ ಈಗಲೂ ಕಂಪ್ಯೂಟರು ಅಪ್‌ಡೇಟ್ ಹಾಕಲೇ ಎಂದು ಕೇಳುತ್ತದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ನಾನು ನಾಳೆ ಎಂದು ಒತ್ತುತ್ತೇನೆ.