ಮೀನು ತೊಳೆದ ನೀರು ಕುಡಿದ ಆರ್ಕಿಡ್

ಗಂಗೊಳ್ಳಿ ಬಂದರಿನಲ್ಲಿ ಹರಿಣಾಕ್ಷಿಯ ಬಾಯಿಗೆ ಹೆದರದ ದಲ್ಲಾಳಿ ಇಲ್ಲ. ಹರಾಜಿನ ಹೊತ್ತಿಗೆ ಗಂಡಸರನ್ನು ಹಿಂದಕ್ಕೆ ತಳ್ಳಿ ಬಂಗುಡೆ ರಾಶಿಗೆ ಕೈ ಹಾಕುವವಳು ಅವಳು. ಅಂಥವಳು ಒಂದು ಹೂವಿನ ಗಿಡಕ್ಕೆ ಹೆದರಿ ಅನ್ನ ನೀರು ಬಿಟ್ಟಿದ್ದಳು ಎಂದರೆ ಯಾರು ನಂಬುತ್ತಾರೆ? ನಾನು ಪಕ್ಕದ ಮನೆಯ ಪ್ರಭಾವತಿ, ಕಣ್ಣಾರೆ ಕಂಡವಳು. ನಂಬದಿದ್ದರೆ ಬಿಡಿ.

ಗಿಡ ಅವಳದ್ದಲ್ಲ, ಸೊಸೆ ಮೋಕ್ಷಿತಾಳದ್ದು. ಮೊದಲ ಬಸಿರು ಐದನೇ ತಿಂಗಳಲ್ಲಿ ಹೋದಾಗ ಆ ಹುಡುಗಿ ಮಾತೇ ಬಿಟ್ಟಿದ್ದಳು. ಗಂಡ ಅಜಿತ್ ಆಳಸಮುದ್ರದ ಬೋಟಿನವ, ಹೋದನೆಂದರೆ ವಾರಗಟ್ಟಲೆ ಫೋನಿಗೂ ಸಿಗುವುದಿಲ್ಲ. ಒಬ್ಬಳೇ ಕೂತು ಕೂತು ಬೇಸರವಾಗಿ ಒಂದು ಆರ್ಕಿಡ್ ತಂದು ಜಗಲಿಯಲ್ಲಿ ತೂಗುಹಾಕಿದಳು. ಅದು ನೇರಳೆ ಹೂ ಬಿಟ್ಟ ತಿಂಗಳೇ ಅವಳು ಮತ್ತೆ ಬಸುರಿಯಾದಳು. ಹೂ ಮುಡಿಸುವ ಶಾಸ್ತ್ರ ಮುಗಿಸಿ ಬ್ರಹ್ಮಾವರದ ತವರಿಗೆ ಹೊರಟಾಗ, "ಅತ್ತೆ, ಇದನ್ನ ಕಂಡ್ಕಣಿ. ಇದ್ ಬಂದ್ಮೇಲೇ ನಂಗೆ ಒಳ್ಳೇದಾದ್ದ್" ಎಂದಳು. ಅವಳು ಆಡಿ ಹೋದಳು, ಇವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ನೋಡಿಕೊಂಡದ್ದೇ ಎಡವಟ್ಟಾಯಿತು! "ಪಾಪ, ಗಿಡದ್ ಬೇರ್ ಎಲ್ಲ ಹೊರ್ಗೇ ಇತ್ತಲೇ" ಎಂದು ಕರುಣೆ ಉಕ್ಕಿ ಕುಂಡದ ತುಂಬ ಕೆಂಪು ಮಣ್ಣು, ಹಟ್ಟಿಗೊಬ್ಬರ ತುರುಕಿದಳು. ದಿನಾ ಮಧ್ಯಾಹ್ನ ಮೀನು ತೊಳೆದ ನೀರು ಹೊಯ್ದಳು. ನಮ್ಮ ಕೇರಿಯಲ್ಲಿ ಮಲ್ಲಿಗೆಗೆ, ಬಸಳೆಗೆ, ಕರಿಬೇವಿಗೆ ಅದೇ ಅಮೃತ. ಚರಂಡಿಗೆ ಚೆಲ್ಲಿದರೆ ಹಿರಿಯರು ಬೈಯುತ್ತಾರೆ. ಆರ್ಕಿಡ್‌ಗೆ ಅದು ವಿಷ ಎಂದು ಯಾರಿಗೆ ಗೊತ್ತು? ಎಲೆ ಹಳದಿಯಾಯಿತು, ಬುಡ ಕಪ್ಪಾಯಿತು, ಬೇರು ಮುಟ್ಟಿದರೆ ಪಿಚಕ್ಕೆಂದಿತು.

ಕುಂಡ ಎದೆಗವಚಿಕೊಂಡು ನನ್ನ ಅಂಗಳಕ್ಕೆ ಓಡಿ ಬಂದಳು.

"ಪ್ರಭಾ, ಇದ್ ಸತ್ರೆ ಹೆಣ್ಣಿನ ಹೊಟ್ಟೇಲಿಪ್ಪುದಕ್ಕೆ ಎಂತಾತ್ತ್?"

"ಮಂಡೆ ಸಮ ಇತ್ತಾ ನಿಂಗೆ? ಗಿಡಕ್ಕೂ ಬಸ್ರಿಗೂ ಎಂತ ಸಂಬಂಧ ಮರಾಯ್ತಿ!" ಎಂದು ಗದರಿಸಿದೆ. ಗದರಿಸಿದ್ದು ನಿಜ. ಆದರೆ ಅವಳು ಅತ್ತ ಹೋದದ್ದೇ ನಾನೇ ಹಟ್ಟಿಯಂಗಡಿ ಗಣಪತಿಗೆ ಒಂದು ಕಾಯಿ ಹರಕೆ ಹೇಳಿಕೊಂಡೆ.

ಬ್ರಹ್ಮಾವರದ ಕಡೆ ನರ್ಸರಿಗಳಿಗೇನು ಬರವಿಲ್ಲ, ಆದರೆ ಬೀಗರ ಕಣ್ಣಿಗೆ ಬಿದ್ದರೆ? ಗಿಡವನ್ನು ಮೀನಿನ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲು ಮುಚ್ಚಿ, ಬೈಂದೂರಿನ ಬಸ್ಸು ಹತ್ತಿದೆವು. ಅಲ್ಲಿ ನರ್ಸರಿ ಇಟ್ಟಿರುವ ಚಂದಯ್ಯ ಕುಂಡ ಮೂಸಿ ಮುಖ ಸಿಂಡರಿಸಿದ. "ಹ್ವಾಯ್, ಇದನ್ನ ಸಾರ್ ಮಾಡುಕೆ ಇಟ್ಟಿದ್ರಿಯಾ?" ಎಂದ. ಬೇರೆ ದಿನವಾಗಿದ್ದರೆ ಹರಿಣಾಕ್ಷಿ ಅವನ ಜನ್ಮ ಜಾಲಾಡುತ್ತಿದ್ದಳು. ಅಂದು ತಲೆ ತಗ್ಗಿಸಿ ನಿಂತಳು. ಅವನು ಕೊಳೆತ ಬೇರನ್ನೆಲ್ಲ ಕತ್ತರಿಸಿ, ಗಾಯಕ್ಕೆ ಅರಿಶಿನ ಹಚ್ಚಿ, ಇದ್ದಿಲು, ಹೆಂಚಿನ ಚೂರುಗಳ ಮೇಲೆ ಕೂರಿಸಿಕೊಟ್ಟ.

"ಮಣ್ಣ್ ಬ್ಯಾಡ. ಇದ್ ಗಾಳೀಲೇ ಬದ್ಕು ಗಿಡ. ನೆರಳಲ್ ಇಡಿ, ಸಿಹಿನೀರ್ ಚೂರ್ ಚೂರೇ ಚಿಮ್ಕ್ಸಿ. ಉಳಿತ್ತಾ ಇಲ್ಯಾ, ಹೇಳುಕಾತಿಲ್ಲೆ."

ಆ 'ಹೇಳುಕಾತಿಲ್ಲೆ' ಅವಳ ಗಂಟಲಿನಲ್ಲಿ ಮುಳ್ಳಿನ ಹಾಗೆ ಕೂತಿತು. ಬೆಳಗಾದರೆ ದೇವರ ದೀಪಕ್ಕಿಂತ ಮೊದಲು ಗಿಡದ ಬುಡ ನೋಡುವಳು. ಒಂದು ಎಲೆ ಉದುರಿದರೆ ಎದೆ ಒತ್ತಿಕೊಂಡು ಕೂತುಬಿಡುವಳು. ಸಂಜೆ ಸೊಸೆಯ ವಿಡಿಯೋ ಕಾಲ್ ಬಂದರಂತೂ ಗಿಡ ಕಾಣದ ಮೂಲೆ ಹುಡುಕುವಳು. ಮುಂಚೆ ಜಗಲಿಯಲ್ಲಿ ನಿಂತು ಊರ ಸುದ್ದಿಯೆಲ್ಲ ಹೇಳುತ್ತಿದ್ದವಳು ಈಗ ಅಡುಗೆಮನೆಯ ಕತ್ತಲಿಗೆ ಸರಿದು, ಮುಖ ಆಚೆ ಮಾಡಿ, "ನೆಟ್‌ವರ್ಕ್ ಇಲ್ಲೆ ಮಗಾ" ಎಂದು ಫೋನಿಟ್ಟುಬಿಡುತ್ತಿದ್ದಳು. ಸುಳ್ಳು ಅವಳ ಬಾಯಿಗೆ ಬಂದರೂ ಮುಖಕ್ಕೆ ಬರುವುದಿಲ್ಲ.

ಕೊನೆಗೊಂದು ಬೆಳಿಗ್ಗೆ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಬೇರು ಇಣುಕಿತ್ತು. ಅವಳು ನನ್ನನ್ನು ಕೂಗಿ ಕರೆದು ತೋರಿಸುತ್ತಿದ್ದಳು ಅಷ್ಟೇ, ಗೇಟಿನಲ್ಲಿ ಬಾಡಿಗೆ ಕಾರು ನಿಂತಿತು. ಮೋಕ್ಷಿತಾ! ತುಂಬಿದ ಹೊಟ್ಟೆ, ಬಿಚ್ಚಿದ ಕೂದಲು, ಕಾಲಿಗೆ ಚಪ್ಪಲಿಯೂ ಇಲ್ಲ.

"ಅತ್ತೆ, ಅವ್ರ್ ಎಲ್ಲಿದ್ರ್? ಬೋಟಿಗೆ ಎಂತಾಯ್ತ್? ಸತ್ಯ ಹೇಳಿ!"

ನಮ್ಮ ಕೇರಿಯಲ್ಲಿ ಮನೆಯವರು ಮುಖ ತಪ್ಪಿಸಿದರೆ ಅದಕ್ಕೆ ಒಂದೇ ಅರ್ಥ. ಕಡಲಿನಿಂದ ಕೆಟ್ಟ ಸುದ್ದಿ ಬಂದಿದೆ ಎಂದು. ಅಯ್ಯೋ ದೇವರೇ, ಅದು ನನಗಾದರೂ ಹೊಳೆಯಬಾರದಿತ್ತೇ?

"ಎಂತದೂ ಆಯ್ಲಿಲ್ಲ ಮಗಾ! ನಿನ್ನೆ ಬಂದ ಬೋಟಿನವ್ರ್ ಅಜಿತ್‌ನ ಕಂಡೇ ಬಂದಿದ್ರ್" ಎಂದಳು ಹರಿಣಾಕ್ಷಿ.

"ಮತ್ತೆ ಮುಖ ಎಂತಕ್ಕೆ ತೋರ್ಸ್ಲಿಲ್ಲ?"

ಹರಿಣಾಕ್ಷಿ ಕುಂಡ ಮುಂದೆ ಹಿಡಿದು ಗೊಳೋ ಎಂದು ಅತ್ತಳು. "ನಿನ್ನ ಗಿಡನ ಕೊಂದ್ಹಾಕ್ದೆ. ಇದ್ ಹೋದ್ರೆ ಹೊಟ್ಟೇಲಿಪ್ಪುದೂ ಹೋತ್ತೇನೋ ಅಂದೇಳಿ ಹೆದ್ರಿ ಸತ್ತೆ."

ಮೋಕ್ಷಿತಾ ಆ ಮೋಟು ಗಿಡವನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮೆಟ್ಟಿಲ ಮೇಲೆ ಕುಸಿದಳು. "ಇದ್ಕಾ ಅತ್ತೆ? ನಾನ್ ರಾತ್ರಿಯಿಡೀ ಕಣ್ಣೀರ್ ಹಾಕಿ ಮರ್ಕಿದೆ. ಬೆಳಗ್ಗಿಂದ ಹೊಟ್ಟೆ ಒಳ್ಗೆ ಮಗು ಅಲುಗ್ಲಿಲ್ಲೆ."

ನಾನು ಆಸ್ಪತ್ರೆಗೆ ಗಾಡಿ ತಿರುಗಿಸು ಎಂದು ಡ್ರೈವರನಿಗೆ ಕೂಗಿದೆ. ಹರಿಣಾಕ್ಷಿ ಕುಂಡವನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಸೊಸೆಯ ಮುಂದೆ ಮಂಡಿಯೂರಿ, ಎರಡೂ ಅಂಗೈ ಹೊಟ್ಟೆಯ ಮೇಲಿಟ್ಟು, ಉಸಿರು ಬಿಗಿಹಿಡಿದಳು. ಕಾರಿನ ಬಾಗಿಲು ತೆರೆದೇ ಇತ್ತು.

ಆಮೇಲೆ ಒಳಗಿನ ಒದೆತಕ್ಕೆ ಹರಿಣಾಕ್ಷಿಯ ಅಂಗೈ ತಟಕ್ಕನೆ ಮೇಲೆದ್ದಿತು. ಮತ್ತೊಮ್ಮೆ ಎದ್ದಿತು.

"ಗಿಡ ಸತ್ರೆ ಸಾಯ್ಲಿ, ನೀವ್ ಮಾತ್ರ ಇನ್ನ್ ಮುಖ ತಪ್ಸ್‌ಬೇಡಿ" ಎಂದಳು ಮೋಕ್ಷಿತಾ.

ಹರಿಣಾಕ್ಷಿ ಹೂಂ ಎಂದಳು. ಆಸ್ಪತ್ರೆ ಮುಟ್ಟುವವರೆಗೂ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.