ಮೇಲೆ ನಿಂತರೆ ಹೊರುವವರು ಯಾರು

ಪಾರ್ಕಿನ ರೋಲರ್ ಕೋಸ್ಟರಿನಲ್ಲಿ ಗಾಲಿಕುರ್ಚಿಯವರನ್ನು ಎತ್ತಿ ಕೂರಿಸುವುದು ಅವನ ಕೆಲಸ. ಕೂರಿಸುವ ಮುನ್ನ ಎಲ್ಲರನ್ನೂ ಒಂದೇ ಮಾತು ಕೇಳುತ್ತಿದ್ದ: "ಇದು ಮೇಲೆ ನಿಂತುಹೋದ್ರೆ ನಿಮ್ಮನ್ನ ಹೊತ್ಕೊಂಡು ಮೆಟ್ಟಿಲಿಳಿಸೋರು ಯಾರು?" ಹೊರಬಲ್ಲವರು ಯಾರೂ ಜೊತೆಗಿಲ್ಲದಿದ್ದರೆ ಹತ್ತಿಸುತ್ತಿರಲಿಲ್ಲ. ಅದಕ್ಕೇ ಅವನಿಗೆ ಕಾಗೆಬಾಯಿ ಎಂದು ಹೆಸರು ಬಿದ್ದಿತ್ತು.

ಆ ದಿನ ಗಾಳಿ ಜೋರಾಗಿತ್ತು. ಬೆಳಗಿನಿಂದ ಗಾಡಿ ಎಳೆಯುವ ಸರಪಳಿ ಕಟಕಟ ಎನ್ನುತ್ತಿತ್ತು. ಮ್ಯಾನೇಜರಿಗೆ ಹೇಳಿದರೆ, "ಎಣ್ಣೆ ಹಾಕಿದಾರೆ, ನಿನ್ನ ಕೆಲ್ಸ ನೀ ನೋಡು" ಎಂದರು.

ಮಧ್ಯಾಹ್ನ ಒಬ್ಬ ಅಜ್ಜಿ ಮೊಮ್ಮಗಳ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಅವನು ಪ್ರಶ್ನೆ ಕೇಳಿದ್ದೇ ತಡ, ಸಿಡಿದುಬಿದ್ದಳು.

"ನಿನ್ನ ಬಾಯಿಗೆ ಮಣ್ಣು ಹಾಕ! ಎಲ್ಲಿ ಹೋದ್ರೂ ನಮ್ಮ ಮಗೂಗೆ ಬಾಗ್ಲು ಹಾಕೋರೇ!"

"ಸುಮ್ನಿರಜ್ಜಿ. ಅಣ್ಣಾ, ಒಂದೇ ಒಂದ್ಸಲ" ಎಂದಳು ಹುಡುಗಿ.

ಗಲಾಟೆ ಕೇಳಿ ಬಂದ ಮ್ಯಾನೇಜರು, "ಕೂರ್ಸಯ್ಯಾ" ಎಂದು ಗದರಿದರು.

ಅವನು ಅವಳನ್ನು ಕೂರಿಸಿದ. ಪಟ್ಟಿ ಬಿಗಿದ. ಆಮೇಲೆ ಪಕ್ಕದಲ್ಲಿ ತಾನೇ ಕೂತ.

"ಏನೋ ಕಾಗೆಬಾಯಿ, ಈ ವಯಸ್ಸಲ್ಲಿ ಜೋಕಾಲಿ ಆಸೆನಾ?" ಎಂದು ಜೊತೆಗೆ ಕೆಲಸ ಮಾಡುವವನು ನಕ್ಕ.

ಗಾಡಿ ಏರಿತು. ತುದಿ ಮುಟ್ಟುವ ಮುನ್ನವೇ ಒಮ್ಮೆ ಜಗ್ಗಿ ನಿಂತಿತು. ಕೆಳಗೆ ಸ್ಪೀಕರಿನಲ್ಲಿ ಬರುತ್ತಿದ್ದ ಹಾಡನ್ನೂ ನಿಲ್ಲಿಸಿದರು. ಬಹಳ ಹೊತ್ತಾದ ಮೇಲೆ ಮೇಲಕ್ಕೆ ಬಂದ ಕೆಲಸಗಾರ ಪಟ್ಟಿಗಳನ್ನು ಬಿಚ್ಚಿದ. ಉಳಿದವರೆಲ್ಲ ಪಕ್ಕದ ಕಿರಿದಾದ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದರು.

"ಅಣ್ಣಾ, ನಾನು?"

"ಬೆನ್ನಿಗೆ ಬಾ ತಾಯಿ. ಕುತ್ತಿಗೆ ಗಟ್ಟಿಯಾಗಿ ಹಿಡ್ಕೋ. ಕೆಳಗೆ ನೋಡ್ಬೇಡ."

ಅವನು ಅವಳನ್ನು ಹೊತ್ತು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಗಾಳಿಗೆ ಮೆಟ್ಟಿಲೇ ಅಲುಗುತ್ತಿತ್ತು.