ತೆಗೆದ ಭಾಗ ವಾಪಸ್

ಗಡಿಯಾರ ರಿಪೇರಿ ಮಾಡುವವರಲ್ಲಿ ಕೆಟ್ಟ ಭಾಗವನ್ನು ತೆಗೆದು ಬುಟ್ಟಿಗೆ ಎಸೆಯುವವರೇ ಹೆಚ್ಚು. ನಮ್ಮ ಬೀದಿಯ ಭೂತಗನ್ನಡಿ ಹಾಗಲ್ಲ. ಬಲಗಣ್ಣಿಗೆ ಸದಾ ಮಸೂರ ಸಿಕ್ಕಿಸಿಕೊಂಡಿರುವುದರಿಂದ ಅವನಿಗೆ ಆ ಹೆಸರು. ಊಟಕ್ಕೆ ಕೂತಾಗಲೂ ಅದನ್ನು ಹಣೆಗೆ ಸರಿಸುತ್ತಾನೆಯೇ ಹೊರತು ತೆಗೆಯುವುದಿಲ್ಲ. ಅವನ ಅಂಗಡಿಯ ಹಲಗೆಯ ಮೇಲೆ ಅಂಗಡಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ತೆಗೆದ ಭಾಗ ವಾಪಸ್ ಕೊಡಲಾಗುವುದು’ ಎಂದು ಬರೆದಿದೆ. ಸವೆದ ಹಲ್ಲುಚಕ್ರವಿರಲಿ, ತುಂಡಾದ ಸ್ಪ್ರಿಂಗಿರಲಿ, ಬಿಳಿ ಕಾಗದದಲ್ಲಿ ನಾಲ್ಕು ಮಡಿಕೆ ಮಡಿಸಿ ಗಿರಾಕಿಯ ಅಂಗೈಯಲ್ಲಿಡುತ್ತಾನೆ. “ಇಟ್ಕೊಳ್ಳಿ. ನಿಮ್ಮದು ನಿಮ್ಮ ಹತ್ರಾನೇ ಇರ್ಲಿ.” ನ್ಯಾಯಾಧೀಶರು ತೀರ್ಪು ಓದುವಾಗಲೂ ಮುಖದಲ್ಲಿ ಅಷ್ಟು ಗಾಂಭೀರ್ಯ ಇರಲಾರದು. ಮೂವತ್ತು ವರ್ಷದಲ್ಲಿ ಆ ಪೊಟ್ಟಣವನ್ನು ಬಿಚ್ಚಿ ನೋಡಿದವರು ಯಾರೂ ಇಲ್ಲ. ನಾನಂತೂ ಬೀದಿಯ ತಿರುವಿನಲ್ಲೇ ಎಸೆದುಬಿಡುತ್ತಿದ್ದೆ.

ಈಗ ಕೈಗೆ ಗಡಿಯಾರ ಕಟ್ಟುವವರು ಕಡಿಮೆ. ಬಿಡುವು ಹೆಚ್ಚಾದಂತೆ ಅವನಿಗೆ ತನ್ನ ವಿದ್ಯೆ ಗಡಿಯಾರಕ್ಕಿಂತ ದೊಡ್ಡದೆಂಬ ಭಾವನೆಯೂ ಹೆಚ್ಚಾಯಿತು. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ, “ಲ್ಯಾಪ್‌ಟಾಪ್ ಅಂದ್ರೆ ಏನು? ಮಲಗಿಸಿದ ಗೋಡೆ ಗಡಿಯಾರ, ಅಷ್ಟೇ” ಎಂದು ಘೋಷಿಸಿದ.

ಘೋಷಣೆ ಅವನ ಅಕ್ಕನ ಕಿವಿಗೆ ಬಿತ್ತು. ಅಕ್ಕ ನಿವೃತ್ತ ಶಿಕ್ಷಕಿ. ಕಣ್ಣು ಕಾಣದ ಮಕ್ಕಳ ಶಾಲೆಗೆ ಮನೆಯಲ್ಲೇ ಕೂತು ಪಾಠಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಅವಳ ಹನ್ನೆರಡು ವರ್ಷದ ಲ್ಯಾಪ್‌ಟಾಪ್ ಒಂದು ಪುಟ ಮುಗಿಯುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಒಳಗಿನ ಫ್ಯಾನಿನ ಗದ್ದಲ ಪಾಠದಲ್ಲೂ ಕೇಳಿಸಿ, “ಮಿಸ್, ನಿಮ್ಮನೆ ಪಕ್ಕ ಹಿಟ್ಟಿನ ಗಿರಣಿ ಇದ್ಯಾ?” ಎಂದು ಮಕ್ಕಳು ಕೇಳಿದ್ದರಂತೆ.

“ಪ್ರೊಸೆಸರ್ ಬದಲಾಯಿಸಿದ್ರೆ ಆಯ್ತು ಬಿಡಕ್ಕಾ. ಅದೇ ಅದರ ಮಿದುಳು. ನನಗೆ ಐದು ನಿಮಿಷದ ಕೆಲಸ” ಎಂದ ಭೂತಗನ್ನಡಿ.

“ನೀನಿದೀಯಲ್ಲ ಪುಟ್ಟಾ, ನನಗೇನು ಯೋಚನೆ” ಎಂದಳು ಅಕ್ಕ. ಪುಟ್ಟನಿಗೆ ಆಗ ಐವತ್ತೆರಡು.

ಹಳೆಯ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋಗಿ ಒಂದು ಪ್ರೊಸೆಸರ್ ಆರಿಸಿದ. ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಚೌಕ, ಅಡಿಯಲ್ಲಿ ಬಾಚಣಿಗೆಯ ಹಾಗೆ ನೂರಾರು ಮುಳ್ಳು. ಅಂಗಡಿಯವನು ಒಳ್ಳೆಯ ಮನುಷ್ಯ. “ಯಜಮಾನ್ರೇ, ಮೊದಲು ಬಿಚ್ಚಿ ನೋಡ್ಕೊಂಡು ಬನ್ನಿ. ಕೆಲವು ಲ್ಯಾಪ್‌ಟಾಪಲ್ಲಿ ಅದನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಕೀಳೋಕಾಗಲ್ಲ” ಎಂದ.

“ನೀನು ಹುಟ್ಟೋಕೆ ಮುಂಚೆಯಿಂದ ತಿರುಪು ಬಿಚ್ತಾ ಇದೀನಪ್ಪ. ಮನುಷ್ಯ ಕೂಡಿಸಿದ್ದನ್ನ ಮನುಷ್ಯ ಬಿಚ್ಚಬಹುದು. ಕಟ್ಟು.”

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ. ಬಿಚ್ಚಿದ್ದೇನೋ ಚೆಂದವಾಗಿಯೇ. ಹದಿನೇಳು ತಿರುಪುಗಳನ್ನು ಹದಿನೇಳು ಬಟ್ಟಲಲ್ಲಿಟ್ಟ. ಫ್ಯಾನು ಎತ್ತಿದರೆ ಬೆಕ್ಕಿನ ಮರಿಯಷ್ಟು ಧೂಳು. ಅದರ ಕೆಳಗೆ ಪ್ರೊಸೆಸರ್, ಬೋರ್ಡಿಗೆ ಅಂಟಿ ಹುಟ್ಟಿದಂತೆ ಕೂತಿತ್ತು. ಮಸೂರದಲ್ಲಿ ನೋಡಿದ, ಮಸೂರ ಒರೆಸಿ ನೋಡಿದ. ಮುಳ್ಳು ಕೂರುವ ಒಂದು ತೂತೂ ಇಲ್ಲ. ಬೆಸುಗೆ.

ಮಾಡುವುದೇನು? ವಾಚು ಒರೆಸುವ ಬ್ರಷ್ಷಿನಿಂದ ಧೂಳನ್ನೆಲ್ಲ ತೆಗೆದ. ಪ್ರೊಸೆಸರಿನ ಮೇಲೆ ಒಣಗಿ ಹಕ್ಕಳೆಯಾಗಿದ್ದ, ಕಾವು ಇಳಿಸುವ ಹಳೆಯ ಪೇಸ್ಟ್ ಕೆರೆದು ಹೊಸದು ಹಚ್ಚಿದ. ಮುಚ್ಚಿ ಚಾಲೂ ಮಾಡಿದರೆ ಗಿರಣಿ ನಿಂತಿತ್ತು. ಕಾವು ಇಳಿದದ್ದಕ್ಕೆ ಲ್ಯಾಪ್‌ಟಾಪು ಚುರುಕೂ ಆಗಿತ್ತು. ಅಷ್ಟರಲ್ಲಿ ಅಕ್ಕ ಬಂದಳು.

“ಆಯ್ತೇನೋ ಪುಟ್ಟಾ?”

“ಆಯ್ತಕ್ಕಾ.”

ಇಲ್ಲಿಯವರೆಗೆ ಸುಳ್ಳಿಲ್ಲ. ಆಗ ಅಕ್ಕ ನಗುತ್ತಾ ಅಂಗೈ ಚಾಚಿದಳು. “ಎಲ್ಲಿ, ನನ್ನ ಪೊಟ್ಟಣ?”

ಬಾಯಿ ತೆರೆಯಬೇಕಾದ ಗಳಿಗೆ ಅದು. ಬಾಯಿ ತೆರೆಯಲಿಲ್ಲ, ಕೈ ಓಡಿತು. ತಂದಿದ್ದ ಪ್ರೊಸೆಸರನ್ನು ಬಿಳಿ ಕಾಗದದಲ್ಲಿ ನಾಲ್ಕು ಮಡಿಕೆ ಮಡಿಸಿ ಅಕ್ಕನ ಅಂಗೈಯಲ್ಲಿಟ್ಟಿತು. “ನಿಮ್ಮದು ನಿಮ್ಮ ಹತ್ರಾನೇ ಇರ್ಲಿ” ಎಂಬ ಮಾತನ್ನು ಮಾತ್ರ ಹೇಳದೆ ಅವನು ಖಾಲಿ ಬಟ್ಟಲುಗಳನ್ನು ಜೋಡಿಸತೊಡಗಿದ. ಅವನ ಸಂಕೋಚವನ್ನು ಅಕ್ಕ ವಿನಯ ಎಂದುಕೊಂಡಳು. ಅವನ ವಿಷಯದಲ್ಲಿ ಹಾಗೆ ಅಂದುಕೊಂಡವರು ಅವಳೊಬ್ಬಳೇ.

ಆಮೇಲೆ ಶುರುವಾಯಿತು ನೋಡಿ ಹೊಗಳಿಕೆ. ಅಕ್ಕ ಹಾಲಿನವನಿಗೆ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದಳು, ಪಾಠದ ನಡುವೆ ನಿಲ್ಲಿಸಿ ಮಕ್ಕಳಿಗೂ ಹೇಳಿದಳು. ಬೇರೆ ದಿನವಾಗಿದ್ದರೆ ಭೂತಗನ್ನಡಿ ಅದನ್ನು ಹಲಗೆಯ ಮೇಲೇ ಬರೆಸುತ್ತಿದ್ದ. ಈಗ ಅಕ್ಕನ ದನಿ ಕೇಳಿದರೆ ಸಾಕು, ಮಸೂರ ಇಳಿಸಿಕೊಂಡು ಯಾವುದೋ ನಿಂತ ಗಡಿಯಾರದೊಳಗೆ ಮುಖ ಹುದುಗಿಸುತ್ತಿದ್ದ. “ಕಳ್ಳನ ಹಾಗೆ ಯಾಕೆ ಆಡ್ತೀರಿ?” ಎಂದು ಹೆಂಡತಿ ಕೇಳಿದಾಗ ಅವನಿಗೆ ಬಿಕ್ಕಳಿಕೆ ಬಂತು.

ಕೊನೆಗೆ ಶಾಲೆಯಿಂದ ಕರೆ ಬಂತು. ಮಕ್ಕಳು ಹಳೆಯ ಮಿದುಳನ್ನು ಮುಟ್ಟಿ ನೋಡಬೇಕಂತೆ, ಬದಲಾಯಿಸಿದವರೂ ಬರಬೇಕಂತೆ. ತಲೆನೋವು ಎಂದ. ಅಕ್ಕ ಮಾತ್ರೆ ತಂದಳು. ಹೋದ.

ತರಗತಿಯಲ್ಲಿ ಹತ್ತು ಮಕ್ಕಳು. ಅಕ್ಕ ಲ್ಯಾಪ್‌ಟಾಪನ್ನೂ ತಂದು ಮೇಜಿನ ಮೇಲಿಟ್ಟಿದ್ದಳು. ಪ್ರೊಸೆಸರ್ ಕೈಯಿಂದ ಕೈಗೆ ಹೋಗಿ ಎರಡು ಜಡೆಯ ಹುಡುಗಿಯೊಬ್ಬಳ ಹತ್ತಿರ ನಿಂತಿತು. ಅವಳು ಬೆರಳ ತುದಿಯನ್ನು ಮುಳ್ಳುಗಳ ಮೇಲೆ ಮೆಲ್ಲಗೆ ಆಡಿಸಿದಳು.

“ಅಂಕಲ್, ಇಷ್ಟು ಮುಳ್ಳಿದ್ರೆ ಲ್ಯಾಪ್‌ಟಾಪಲ್ಲಿ ಅಷ್ಟೇ ತೂತು ಇರ್ಬೇಕಲ್ವಾ? ಬಿಚ್ಚಿ, ಮುಟ್ಟಿ ನೋಡ್ತೀವಿ.”

“ಈಗ ಹೊಸದು ಕೂತಿದೆಯಮ್ಮಾ...”

“ತೆಗೆದು ಮತ್ತೆ ಹಾಕಿ. ನಿಮಗೆ ಐದು ನಿಮಿಷದ ಕೆಲಸ ಅಂತೆ, ಮಿಸ್ ಹೇಳಿದ್ರು.”

“ಸ್ಕ್ರೂಡ್ರೈವರ್...”

“ಜೇಬಲ್ಲೇ ಇದ್ಯಲ್ಲೋ ಪುಟ್ಟಾ” ಎಂದಳು ಅಕ್ಕ, ಹೆಮ್ಮೆಯಿಂದ.

ಭೂತಗನ್ನಡಿ ಮಸೂರ ತೆಗೆದು ಮೇಜಿನ ಮೇಲಿಟ್ಟ. “ತೂತಿಲ್ಲ, ಮಕ್ಕಳೇ. ನಾನು ಏನೂ ಬದಲಾಯಿಸಿಲ್ಲ. ಬದಲಾಯಿಸೋಕಾಗಲ್ಲ ಅಂತ ಅಂಗಡಿಯವನು ಹೇಳಿದ್ದ, ನಾನೇ ಕೇಳಲಿಲ್ಲ. ಬರೀ ಧೂಳು ತೆಗೆದೆ. ನಿಮ್ಮ ಕೈಲಿರೋದು ಅದರೊಳಗೆ ಹೋಗೇ ಇಲ್ಲ. ನಿಮ್ಮ ಮಿಸ್‌ಗೆ ಸುಳ್ಳು ಪೊಟ್ಟಣ ಕೊಟ್ಟೆ.”

ಹುಡುಗಿ ಪ್ರೊಸೆಸರನ್ನು ಮೇಜಿನ ಮೇಲಿಟ್ಟು ಕೇಳಿದಳು, “ಧೂಳು ಎಷ್ಟಿತ್ತು?”

“ಬೆಕ್ಕಿನ ಮರಿಯಷ್ಟು.”

ಮಕ್ಕಳು ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ. ಹೊರಗೆ ಬಂದ ಮೇಲೆ ಪ್ರೊಸೆಸರನ್ನು ಅದೇ ಕಾಗದದಲ್ಲಿ, ಅದೇ ನಾಲ್ಕು ಮಡಿಕೆಗೆ ಮಡಿಸಿ ಅವನ ಅಂಗೈಯಲ್ಲಿಟ್ಟಳು. “ತಗೊಳ್ಳಪ್ಪ. ನಿನ್ನದು ನಿನ್ನ ಹತ್ರಾನೇ ಇರ್ಲಿ.”

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡು ತಿಂಗಳು ಅವನನ್ನು ಅವಳು ಪುಟ್ಟಾ ಎನ್ನಲಿಲ್ಲ. ‘ನೋಡಪ್ಪ’, ‘ಕೇಳಪ್ಪ’, ಅಷ್ಟೇ. ಐವತ್ತೆರಡರ ಮನುಷ್ಯ ‘ಪುಟ್ಟಾ’ ಎನ್ನಿಸಿಕೊಳ್ಳಲು ಹೀಗೆ ಹಂಬಲಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಕಳೆದ ವಾರ ನಾನು ಅಂಗಡಿಯಲ್ಲಿದ್ದಾಗ ಅಕ್ಕ ಬಂದು ನಿಂತುಹೋದ ತನ್ನ ವಾಚನ್ನು ಮುಂದಿಟ್ಟಳು. ಅವನು ಅದನ್ನು ಬಿಚ್ಚಿ, ಸವೆದ ಹಲ್ಲುಚಕ್ರವೊಂದನ್ನು ತೆಗೆದು ಬೇರೆ ಕೂರಿಸಿದ. ಹಳೆಯದನ್ನು ಪೊಟ್ಟಣ ಕಟ್ಟಿ, ಕೊಡಲೋ ಬೇಡವೋ ಎಂಬಂತೆ ಕೈಯಲ್ಲಿ ಹಿಡಿದು ಕೂತ.

ಅಕ್ಕ ಅಂಗೈ ಚಾಚಿದಳು. ತೆಗೆದುಕೊಂಡು, ಅಲ್ಲೇ, ಅವನೆದುರಿಗೇ ಪೊಟ್ಟಣ ಬಿಚ್ಚಿದಳು. ಅವನ ಹಣೆಯ ಮೇಲಿದ್ದ ಮಸೂರವನ್ನು ತಾನೇ ಕಿತ್ತುಕೊಂಡು ಕಣ್ಣಿಗಿಟ್ಟು, ಚಕ್ರವನ್ನು ತಿರುಗಿಸಿ ತಿರುಗಿಸಿ ಹಲ್ಲು ಹಲ್ಲಾಗಿ ನೋಡಿದಳು. ಭೂತಗನ್ನಡಿ ಕಿವಿಯವರೆಗೆ ಕೆಂಪಾಗಿ, ತಲೆ ತಗ್ಗಿಸಿ ಕೂತಿದ್ದ.

“ಹ್ಞೂಂ” ಎಂದಳು. “ಎರಡು ಹಲ್ಲು ಸವೆದಿವೆ.” ಮತ್ತೆ ಕಾಗದ ಅವನ ಮುಂದೆ ಸರಿಸಿದಳು. “ನಿನ್ನಷ್ಟು ಚೆನ್ನಾಗಿ ಮಡಿಸೋಕೆ ನನಗೆ ಬರಲ್ಲ. ನೀನೇ ಕಟ್ಟಿಕೊಡು, ಪುಟ್ಟಾ.”

ಆ ನಾಲ್ಕು ಮಡಿಕೆ ಹಾಕಲು ಅವನಿಗೆ ತುಂಬ ಹೊತ್ತು ಹಿಡಿಯಿತು.